ಒಂದು ಕೈ ಜೇಬಿನಲ್ಲಿ

ಡುಲೂತ್. ಫೆಬ್ರವರಿ. ಸರೋವರ ಕಲ್ಲಾಗಿದೆ,
ಅದಿರಿನ ಹಡಗುಗಳು ಬಂದರಿನಲ್ಲೇ ನಿಂತಿವೆ.
ನಮ್ಮ ನೆಲಮಾಳಿಗೆಯ ಮೇಜಿನ ಮೇಲೆ
ಎಪ್ಪತ್ತೇಳನೇ ಇಸವಿಯ ಸ್ಟೀರಿಯೊ ರಿಸೀವರು,
ಮರದ ಹೊದಿಕೆಯ ಮೇಲೆ ಯಾರದೋ ಕಾಫಿ ಲೋಟದ ಉಂಗುರ.
ಇಂಗೆಬೋರ್ಗ್ ಬ್ರೆಕ್ಕೆ ತೀರಿಕೊಂಡು ಮನೆ ಸಾಮಾನು ಮಾರಿದಾಗ
ಇಪ್ಪತ್ತು ಡಾಲರಿಗೆ ಬಂದದ್ದು. ಮೊಮ್ಮಗ ಮೊದಲೇ ಅಂದಿದ್ದ:
"ಹಾಡುತ್ತೆ ಅಂತ ನಾನೇನೂ ಹೇಳಿಲ್ಲ."

ಟೌನೊ ಹಿಯೆತಲಾ, ಎಂಬತ್ತೆರಡು,
ಬಣ್ಣದ ಡಬ್ಬಿ ಬೋರಲು ಹಾಕಿ ಕೂತಿದ್ದಾನೆ.
ಮೂವತ್ತು ವರ್ಷ ರಿಪೇರಿ ಅಂಗಡಿ ನಡೆಸಿದವನು.
ಈಗ ಕೈ ನಡುಗುತ್ತೆ. ಕಣ್ಣಿನ ನಟ್ಟನಡುವೆ
ಮಬ್ಬು ನಾಣ್ಯವೊಂದು ಕೂತು
ಲೋಕ ಅಂಚಿನಲ್ಲಷ್ಟೇ ಕಾಣುತ್ತೆ.
ಹಾಗಾಗಿ ಕೈ ನನ್ನದು, ಕಣ್ಣು ನನ್ನದು,
ಹಗಲೆಲ್ಲ ಶಾಲಾ ಬಸ್ಸು ಓಡಿಸಿ ದಣಿದವು;
ನಕ್ಷೆ ಅವನ ತಲೆಯಲ್ಲಿದೆ.

"ಒಂದು ಕೈ ಜೇಬಿನಲ್ಲಿಡು, ಲವಾನ್.
ಎರಡೂ ಒಳಗಿಟ್ಟರೆ ಕರೆಂಟು
ಒಂದು ತೋಳು ಹತ್ತಿ ಇನ್ನೊಂದರಲ್ಲಿ ಇಳಿಯುತ್ತೆ.
ದಾರಿ ಎದೆಯ ಮೇಲೇ."
ನನ್ನ ಎಡಗೈ ಸ್ವೆಟರಿನ ಜೇಬಲ್ಲಿ
ಬಸ್ಸಿನ ಕೀಲಿ, ಕೆಮ್ಮಿನ ಮಿಠಾಯಿ ತಡವುತ್ತ ಕೂತಿತು.

ಗೋಡೆಗೂ ಪೆಟ್ಟಿಗೆಗೂ ನಡುವೆ
ನೂರು ವ್ಯಾಟಿನ ಬಲ್ಬೊಂದನ್ನು ಕಾವಲಿಗೆ ಹಾಕಿದ್ದೆವು.
ಸ್ವಿಚ್ ಒತ್ತಿದೆ. ಬಲ್ಬು ಧಗ್ಗನೆ ಹತ್ತಿ, ಹತ್ತೇ ಇತ್ತು.
ಬಲ್ಬಿಗೆ ಹಬ್ಬವೆಂದರೆ ನಮಗೆ ಸೂತಕ.
"ಆರಿಸು, ಆರಿಸು! ಒಳಗೆ ಯಾವುದೋ ಸತ್ತಿದೆ,
ಸಾಯುವಾಗ ಬಾಗಿಲು ತೆಗೆದೇ ಹೋಗಿದೆ."

ಬಲ ಚಾನಲ್ಲಿನ ಟ್ರಾನ್ಸಿಸ್ಟರು.
ಯಾವ ಕಾಲು ಮುಟ್ಟಿದರೂ ಮೀಟರು ಒಂದೇ ಸಮ ಕಿರುಚಿತು.
ಹೊಸದು ಅಂಚೆಯಲ್ಲಿ ಬರಲು ಒಂಬತ್ತು ದಿನ.
"ಇದು ಸತ್ತದ್ದು ಸರಿ," ಅಂದ ಟೌನೊ,
"ಕೊಂದದ್ದು ಯಾರು?"

ಬೋರ್ಡು ತಿರುವಿ, ಭೂತಗನ್ನಡಿ ಹಿಡಿದು,
ಚುಕ್ಕೆ ಚುಕ್ಕೆ ಓದುತ್ತ ಹೋದೆ.
ಒಂದು ಬೆಸುಗೆಯ ಸುತ್ತ ಕೂದಲೆಳೆಯ ಬಿರುಕು.
"ಹೇಗಿದೆ ಹೇಳು."
ಬೂದು. ಹೊಳಪಿಲ್ಲ. ಆರಿದ ಗಂಜಿಯ ಕೆನೆ.
"ಕಾವು ಸಾಲದೆ ಹಾಕಿದ್ದು. ಕಾರ್ಖಾನೆಯದಲ್ಲ.
ಯಾವ ಕತ್ತೆ ಕೈ ಹಾಕಿತ್ತೋ ಇದಕ್ಕೆ!"

ಟಾರ್ಚು ಎತ್ತಿದೆ. ತಗಡಿನ ಒಳಗೋಡೆಯಲ್ಲಿ
ಪೆನ್ಸಿಲ್ಲಿನ ಓರೆ ಬರಹ:
ಟಿ. ಎಚ್., ನವೆಂಬರ್ ೭೯.

ಮಿಠಾಯಿ ಬಾಯಿಗೆ ಹಾಕಿಕೊಂಡೆ.
ಅದು ಅರ್ಧ ಕರಗುವವರೆಗೆ ಸುಮ್ಮನಿದ್ದು
ಓದಿ ಹೇಳಿದೆ.

ಫರ್ನೇಸು ಒಮ್ಮೆ ಹೊತ್ತಿಕೊಂಡು ಗೊರಗುಟ್ಟಿ ಆರಿತು.
"ಆ ನವೆಂಬರ್ ಅಂಗಡಿಯ ಹೀಟರು ಕೆಟ್ಟಿತ್ತು,
ಕೈಗವಸಿನ ಬೆರಳು ಕತ್ತರಿಸಿಕೊಂಡು ಕೆಲಸ ಮಾಡ್ತಿದ್ದೆ."
ಆಮೇಲೆ, ಬಹಳ ಹೊತ್ತಾದ ಮೇಲೆ:
"ಕತ್ತೆ ಅಂದದ್ದು ಅಂದದ್ದೇ."

ಮುಂದಿನ ಮಂಗಳವಾರ ಬಂದವನು
ಲಕೋಟೆಯೊಂದನ್ನು ಮೇಜಿನ ಮೇಲಿಟ್ಟ. ಹನ್ನೊಂದೂವರೆ ಡಾಲರು.
"ಬ್ರೆಕ್ಕೆಯವರ ಕೂಲಿ. ವಾಪಸ್ಸು."
ನಿನ್ನ ಗ್ಯಾರಂಟಿ ತೊಂಬತ್ತೇ ದಿನ ತಾನೆ, ಅಂದೆ.
"ಅದು ರಸೀದಿಯ ಮೇಲೆ."

"ಮುಟ್ಟು. ಮೂರು ಎಣಿಸು. ತಂತಿ ಕೊಡು.
ಈಗ ಉಸಿರಾಡಬೇಡ."
ಸೀಸ ಕರಗಿ, ಒಮ್ಮೆ ನಡುಗಿ, ಕನ್ನಡಿಯಾಗಿ ನಿಂತಿತು.
ರಾಳದ ಹೊಗೆಗೆ ಮೂಗೊಡ್ಡಿ
"ಹೂಂ," ಅಂದ, ರುಚಿ ನೋಡಿದವನಂತೆ.

ಮತ್ತೆ ಸ್ವಿಚ್ಚು. ಬಲ್ಬು ಒಮ್ಮೆ ಕಣ್ಣರಳಿಸಿ,
ಕೆಂಪಾಗಿ, ಮಂಕಾಗಿ, ಬೂದಿಯಾಯಿತು.
ಒಂದು. ಎರಡು. ಮೂರು.
ಟೌನೊನ ತುಟಿಯೂ ಎಣಿಸುತ್ತಿತ್ತು.
ನಾಲ್ಕು.
ಟಕ್!
ಒಳಗೆ ಎಲ್ಲೋ ರಿಲೇ ಚಿಲಕ ತೆಗೆಯಿತು.

ಡಯಲಿನ ಗಾಜಿನ ಹಿಂದೆ ತಿಳಿನೀಲಿ ಬೆಳಕು.
ಹಾಡು ಬರಲಿಲ್ಲ, ಹವಾಮಾನ ಬಂತು:
ಈಶಾನ್ಯದ ಗಾಳಿ, ದಡದಲ್ಲಿ ಎರಡಡಿ ಮಂಜುಗಡ್ಡೆ,
ನಾಳೆಯೂ ಇಷ್ಟೇ.
ಇಬ್ಬರೂ ಕೊನೆಯವರೆಗೆ ಕೇಳಿದೆವು.

"ಎಡಗಡೆ ಚರಚರ ಅನ್ನುತ್ತಾ?"
ಸ್ವಲ್ಪ.
"ಇರಲಿ. ಅದಕ್ಕೆ ಇನ್ನೊಂದು ಮಂಗಳವಾರ ಬೇಕು."

ಮೆಟ್ಟಿಲು ಹತ್ತುವಾಗ ಕಂಬಿಯನ್ನು ಬಲಗೈಯಲ್ಲಿ ಹಿಡಿದ,
ಒಂದೊಂದೇ ಮೆಟ್ಟಿಲು, ಪಾದದಿಂದ ತಡವಿ.
ಎಡಗೈ ಜೇಬಿನಲ್ಲೇ ಇತ್ತು.